ಗಾಣಕ್ಕೊಂದು ಸೌಟು ಎಣ್ಣೆ

ಕ್ಯಾಲ್ಕುಲಸ್ ಅಂದ ಕೂಡಲೇ ನಮಗೆ ನೆನಪಾಗೋದು ನ್ಯೂಟನ್ ಮತ್ತು ಲೈಬ್ನಿಟ್ಸ್. ಅವರಿಗಿಂತ ಐನೂರು ವರ್ಷ ಮೊದಲೇ ಅದೇ ದಾರಿಯಲ್ಲಿ ಒಂದಿಷ್ಟು ದೂರ ನಡೆದವರು ಎರಡನೇ ಭಾಸ್ಕರಾಚಾರ್ಯರು.

ಭಾಸ್ಕರರು ಹುಟ್ಟಿದ್ದು 1114ರಲ್ಲಿ. ಊರು ಸಹ್ಯಾದ್ರಿ ಸೀಮೆಯ ವಿಜ್ಜಡವಿಡ. ಅದು ನಮ್ಮ ವಿಜಯಪುರವೇ ಅಂತ ಕೆಲವರು, ಅಲ್ಲ, ಮಹಾರಾಷ್ಟ್ರದ ಚಾಳೀಸಗಾಂವ್ ಕಡೆಯದು ಅಂತ ಇನ್ನು ಕೆಲವರು. ಈ ವಾದ ಇನ್ನೂ ಮುಗಿದಿಲ್ಲ. ತಂದೆ ಮಹೇಶ್ವರರೇ ಅವರಿಗೆ ಗುರು. 36ನೇ ವಯಸ್ಸಿಗೆ, ಅಂದರೆ 1150ರಲ್ಲಿ, ಸಿದ್ಧಾಂತ ಶಿರೋಮಣಿ ಬರೆದರು. ಅದರಲ್ಲಿ ಲೀಲಾವತಿ, ಬೀಜಗಣಿತ, ಗ್ರಹಗಣಿತ, ಗೋಲಾಧ್ಯಾಯ ಅಂತ ನಾಲ್ಕು ಭಾಗ. 1183ರಲ್ಲಿ, ಎಪ್ಪತ್ತರ ಹತ್ತಿರ ಬಂದಾಗಲೂ, ಕರಣಕುತೂಹಲ ಅನ್ನೋ ಇನ್ನೊಂದು ಪುಸ್ತಕ ಬರೆದರು.

ಲೀಲಾವತಿಯಲ್ಲಿ ಲೆಕ್ಕಗಳು ಒಣ ಲೆಕ್ಕಗಳಲ್ಲ. ದುಂಬಿಗಳ ಹಿಂಡು, ಗಾಳಿಗೆ ಮುರಿದ ಬಿದಿರು, ಹಾವನ್ನು ಹಿಡಿಯಲು ಎರಗುವ ನವಿಲು ಎಲ್ಲವೂ ಬರುತ್ತವೆ. ಲೀಲಾವತಿ ಅವರ ಮಗಳು, ಜಲಗಡಿಯಾರದಲ್ಲಿ ಮುತ್ತು ಬಿದ್ದು ಮದುವೆ ಮುಹೂರ್ತ ತಪ್ಪಿತು ಅನ್ನೋ ಕಥೆ ನಾವೆಲ್ಲ ಕೇಳಿದ್ದೇವೆ. ಆ ಕಥೆ ಬಂದಿರೋದು ಅಕ್ಬರನ ಆಸ್ಥಾನದ ಫೈಜಿ 1587ರಲ್ಲಿ ಮಾಡಿದ ಪರ್ಶಿಯನ್ ಅನುವಾದದಿಂದ. ಭಾಸ್ಕರರು ಅದನ್ನು ಬರೆದಿಲ್ಲ.

ಈಗ ನಮ್ಮ ಸಿಲಬಸ್ಸಿಗೆ ಬರೋಣ. ಗ್ರಹಗಳು ಒಂದೇ ವೇಗದಲ್ಲಿ ಸಾಗೋದಿಲ್ಲ. ಇಡೀ ದಿನದ ಸರಾಸರಿ ತೆಗೆದರೆ ಲೆಕ್ಕ ತಪ್ಪುತ್ತದೆ. ಹಾಗಾಗಿ ಆ ಕ್ಷಣದ ವೇಗ ಬೇಕು. ಅದನ್ನು ಅವರು ತಾತ್ಕಾಲಿಕ ಗತಿ ಅಂತ ಕರೆದರು. ಅದಕ್ಕಾಗಿ ಸೈನ್ ಹೇಗೆ ಬದಲಾಗುತ್ತೆ ಅಂತ ನೋಡಿದರು: ಕೋನ ಸ್ವಲ್ಪ ಹೆಚ್ಚಿದರೆ, ಸೈನ್ ಹೆಚ್ಚೋದು ಆ ಸ್ವಲ್ಪದ ಕೊಸೈನ್ ಪಟ್ಟು. ನಾವು ಸೈನ್‌ನ ಡೆರಿವೇಟಿವ್ ಕೊಸೈನ್ ಅಂತ ಬಾಯಿಪಾಠ ಮಾಡೋದು ಇದನ್ನೇ. ಲ್ಯಾಬ್‌ನಲ್ಲಿ ಪೈಥಾನ್ ತೆರೆದು ನೀವೇ ನೋಡಬಹುದು. 30 ಡಿಗ್ರಿಯಿಂದ 31ಕ್ಕೆ ಸೈನ್ ಹೆಚ್ಚೋದು 0.01504, ಭಾಸ್ಕರರ ದಾರಿಯಲ್ಲಿ 0.01511. ಹೆಜ್ಜೆಯನ್ನು 0.1 ಡಿಗ್ರಿಗೆ ಇಳಿಸಿದರೆ ಎರಡೂ ಸುಮಾರು 0.001511. ಹೆಜ್ಜೆ ಚಿಕ್ಕದಾದಷ್ಟೂ ಎರಡೂ ಹತ್ತಿರ ಬರುತ್ತವೆ. ಹಾಗಂತ ಕ್ಯಾಲ್ಕುಲಸ್ ಪೂರ್ತಿ ಅವರದೇ ಅನ್ನೋಕಾಗಲ್ಲ. ಲಿಮಿಟ್ ಅನ್ನೋ ಕಲ್ಪನೆಯಾಗಲಿ, ಎಲ್ಲ ಫಂಕ್ಷನ್‌ಗಳಿಗೂ ಹೊಂದುವ ನಿಯಮಗಳಾಗಲಿ ಅಲ್ಲಿಲ್ಲ. ಆದರೆ ಬೀಜ ಅಲ್ಲಿದೆ.

ನಮಗೆ ಅವರ ಬದುಕಿಗಿಂತಲೂ ಹೆಚ್ಚು ಹಿಡಿಸಿದ್ದು ಆಮೇಲೆ ನಡೆದದ್ದು. ಅವರ ಮೊಮ್ಮಗ ಚಾಂಗದೇವ, ಯಾದವ ರಾಜ ಸಿಂಘಣನ ಆಸ್ಥಾನದ ಜ್ಯೋತಿಷಿ. ತಾತನ ಪುಸ್ತಕಗಳನ್ನು ಪಾಠ ಹೇಳಿಸಲಿಕ್ಕೆಂದೇ ಚಾಳೀಸಗಾಂವ್ ಹತ್ತಿರದ ಪಾಟಣದಲ್ಲಿ ಒಂದು ಮಠ ಕಟ್ಟಿಸಿದ. ಮೊಳಕಾಲ್ಮುರಿನ ಬ್ರಹ್ಮಗಿರಿಯಲ್ಲಿ ಅಶೋಕ ಬಂಡೆಗೆ ಬರೆಸಿದ್ದು ಧರ್ಮವನ್ನು. ಪಾಟಣದ 1207ರ ಶಾಸನದಲ್ಲಿರೋದು ಒಂದು ಗಣಿತದ ಶಾಲೆಯ ವಿಷಯ. ಅದರ ಖರ್ಚಿಗೆ ಯಾರು ಏನು ಕೊಡಬೇಕು ಅಂತಲೂ ಅದರಲ್ಲಿದೆ. ಊರಲ್ಲಿ ಎಷ್ಟು ಗಾಣ ನಡೆಯುತ್ತವೋ ಅಷ್ಟಕ್ಕೂ ಒಂದೊಂದು ಸೌಟು ಎಣ್ಣೆ!

ಚಳ್ಳಕೆರೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾ? ಶೇಂಗಾ ಎಣ್ಣೆ ಮಿಲ್ಲುಗಳ ಊರು ನಮ್ಮದು. ಗಾಣದವರು ತ್ರಿಕೋನಮಿತಿ ಓದಿರಲಿಲ್ಲ, ಆದರೂ ಅವರ ಎಣ್ಣೆಯಿಂದ ಯಾರದ್ದೋ ಮಕ್ಕಳ ಪಾಠ ನಡೆಯಿತು. ಪುಸ್ತಕ ಬರೆಯೋದು ಒಬ್ಬರ ಕೆಲಸ, ಅದು ಓದುವವರ ಕೈಗೆ ಸೇರೋದು ಊರಿನ ಕೆಲಸ.

ಇವತ್ತೂ ಎಲ್ಲೋ ಯಾರೋ ಆ ಸೌಟು ಎಣ್ಣೆ ಕೊಡುತ್ತಲೇ ಇದ್ದಾರೆ. ಓಪನ್‌ಸ್ಟ್ಯಾಕ್ಸ್‌ನ ಕ್ಯಾಲ್ಕುಲಸ್ ಮೂರು ಸಂಪುಟಗಳ ಪಿಡಿಎಫ್ ಉಚಿತ. ಗಿಲ್ಬರ್ಟ್ ಸ್ಟ್ರಾಂಗ್ ಅವರ ಪುಸ್ತಕ ಎಂಐಟಿಯ ತಾಣದಲ್ಲಿ ಉಚಿತ. ಪೈಥಾನ್, ಸೈಲ್ಯಾಬ್, ಆಕ್ಟೇವ್ ಮೂರಕ್ಕೂ ದುಡ್ಡಿಲ್ಲ, ಕಲಿಯುವ ಗೈಡ್‌ಗಳೂ ಹಾಗೆಯೇ ಸಿಗುತ್ತವೆ. 1817ರಲ್ಲಿ ಕೋಲ್‌ಬ್ರೂಕ್ ಇಂಗ್ಲಿಷಿಗೆ ತಂದ ಲೀಲಾವತಿ ಕೂಡ ಇಂಟರ್ನೆಟ್ ಆರ್ಕೈವ್‌ನಲ್ಲಿದೆ. ಪುಸ್ತಕ ಕೊಳ್ಳೋಕೆ ದುಡ್ಡಿಲ್ಲ ಅಂತ ನಮ್ಮಲ್ಲಿ ಯಾರೂ ಹಿಂದೆ ಉಳಿಯಬೇಕಿಲ್ಲ. ಕನ್ನಡದಲ್ಲಿ ಮಾತ್ರ ಇಂಥವು ಇನ್ನೂ ಸಾಲದು. ಒಂದು ಚಾಪ್ಟರ್ ಅರ್ಥವಾದವರು ಅದನ್ನು ಕನ್ನಡದಲ್ಲಿ ಎರಡು ಪುಟ ಬರೆದು ಜೂನಿಯರ್‌ಗಳಿಗೆ ಕೊಟ್ಟರೆ, ಅದು ನಮ್ಮ ಪಾಲಿನ ಸೌಟು.