ದುಡಿಮೆಗೆ ಶೀಲ ಕೊಟ್ಟವರು

ಮಹಾಪುರುಷರ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅವರು ಕಟ್ಟಿಸಿದ ಕಟ್ಟಡಗಳನ್ನು ಎಣಿಸುತ್ತಾರೆ. ಕಟ್ಟಿದ ಕೈಗಳಿಗೆ ಅವರು ಯಾವ ಅಭ್ಯಾಸವನ್ನು ಕಲಿಸಿದರೆಂದು ಕೇಳುವವರು ಕಡಮೆ. ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು ನೆನೆದಾಗಲೆಲ್ಲ ನನ್ನ ಮನಸ್ಸು ಈ ಎರಡನೆಯ ಪ್ರಶ್ನೆಯ ಕಡೆಗೇ ಹರಿಯುತ್ತದೆ. ನಾನಿರುವ ಶ್ರೀನಗರದಿಂದ ದಿನವೂ ಎಷ್ಟೋ ಮಂದಿ ಕಚೇರಿ, ಕಾರ್ಖಾನೆಗಳಿಗೆ ಹೊರಡುತ್ತಾರೆ. ಸಂಸ್ಥೆಯ ಧ್ಯೇಯಗಳು ಗೋಡೆಯ ಮೇಲೆ ಅಂದವಾಗಿ ತೂಗುತ್ತಿವೆ, ಒಳಗಿನ ನಡೆವಳಿಕೆ ಮಾತ್ರ ಬೇರೆ ಎಂಬ ಕೊರಗನ್ನು ಅವರಲ್ಲಿ ಕೆಲವರ ಬಾಯಿಂದ ಕೇಳಿದ್ದೇನೆ. ಗೋಡೆಯ ಮೇಲಿನ ಮಾತು ದುಡಿಯುವವನ ಮನಸ್ಸಿಗೆ ಇಳಿಯುವುದು ಹೇಗೆ? ಈ ಹಿರಿಯರ ಬಾಳಿನಲ್ಲಿ ಅದಕ್ಕೆ ಒಂದು ಉತ್ತರವಿದೆಯೆಂದು ನನ್ನ ನಂಬಿಕೆ.

ಮುದ್ದೇನಹಳ್ಳಿಯಲ್ಲಿ ಹುಟ್ಟಿ, ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡ ಈ ಹುಡುಗ ಮಕ್ಕಳಿಗೆ ಮನೆಪಾಠ ಹೇಳುತ್ತ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, 1881ರಲ್ಲಿ ಬಿ.ಎ. ಪದವೀಧರನಾದನು. ಪುಣೆಯಲ್ಲಿ ಎಂಜಿನಿಯರಿಂಗ್ ವ್ಯಾಸಂಗ ಮುಗಿಸಿ, 1884ರಲ್ಲಿ ಬೊಂಬಾಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯನ್ನು ಸೇರಿದನು. ಹೊತ್ತಿಗೆ ಬೆಲೆ ಕಟ್ಟುವುದನ್ನು ಬಡತನವೂ, ಲೆಕ್ಕಕ್ಕೆ ಬೆಲೆ ಕಟ್ಟುವುದನ್ನು ವೃತ್ತಿಯೂ ಕಲಿಸಿದವು. 1909ರಲ್ಲಿ ಮೈಸೂರಿನ ಚೀಫ್ ಎಂಜಿನಿಯರ್ ಆಗಿ ತಾಯ್ನಾಡಿಗೆ ಬಂದಾಗ ಇವೆರಡೂ ಅವರ ಸ್ವಭಾವವೇ ಆಗಿದ್ದವು.

ಆ ಸ್ವಭಾವವು ಸಾವಿರಾರು ಜನರಿಗೆ ಹರಡಿದ್ದು ಕನ್ನಂಬಾಡಿಯಲ್ಲಿ. ಅಣೆಕಟ್ಟಿನ ಕೆಲಸ 1911ರಲ್ಲಿ ಆರಂಭವಾಯಿತು. ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಮಾತು ಕೊಟ್ಟ ಪ್ರಕಾರ ಒದಗಬೇಕಾದರೆ, 1915ರ ಹೊತ್ತಿಗೆ ಮೊದಲ ಹಂತ ಸಿದ್ಧವಾಗಲೇಬೇಕಾಗಿತ್ತು. ಒಂದು ಕಡೆ ಮಲೇರಿಯ, ಇನ್ನೊಂದು ಕಡೆ ಕಾವೇರಿಯ ಪ್ರವಾಹ. ಸುಮಾರು 10,000 ಮಂದಿ ಅಲ್ಲಿ ದುಡಿದರು. ದೀಪದ ಬೆಳಕಿನಲ್ಲಿ ರಾತ್ರಿಯೂ ಕೆಲಸ ಸಾಗಿತು. ಇಂಥ ಜನಸಮೂಹವನ್ನು ಬರಿಯ ಗದರಿಕೆಯಿಂದ ನಡೆಸಲಾಗದು. ಯಾವ ಅವಧಿಯಲ್ಲಿ ಎಷ್ಟು ಕೆಲಸವಾಗಬೇಕೆಂಬುದನ್ನು ಮೊದಲೇ ಗೊತ್ತುಪಡಿಸಿ, ಆದದ್ದನ್ನು ಅದರೊಡನೆ ತಾಳೆ ನೋಡುವುದು ಅವರ ಕ್ರಮ. ಅಧಿಕಾರಿಯ ಸಿಟ್ಟಿಗೆ ಹೆದರಿ ಮಾಡುವ ಕೆಲಸ ಅವನು ಬೆನ್ನು ತಿರುಗಿಸಿದೊಡನೆ ನಿಲ್ಲುತ್ತದೆ. ಗೊತ್ತಾದ ಗುರಿಗಾಗಿ ಮಾಡುವ ಕೆಲಸ ಹಾಗೆ ನಿಲ್ಲುವುದಿಲ್ಲ.

1912ರಲ್ಲಿ ದಿವಾನರಾದ ಮೇಲೆ ಇದೇ ಕ್ರಮವನ್ನು ಕಚೇರಿಯ ಕಡತಗಳ ನಡುವೆಯೂ ತಂದರು. ಇಲಾಖೆಗಳ ದಕ್ಷತೆಯನ್ನು ತಪಾಸಣೆ ಮಾಡುವ ಏರ್ಪಾಡಾಯಿತು. ಕಾರ್ಯವಿಧಾನವನ್ನು ಬರೆದಿಡುವ ಪದ್ಧತಿಗೆ ಒತ್ತು ಬಂದಿತು. ನಿಯಮ ಕಾಗದದ ಮೇಲಿದ್ದರೆ ಕಿರಿಯ ಗುಮಾಸ್ತನೂ ತನ್ನ ಕರ್ತವ್ಯವನ್ನು ಬಲ್ಲ, ಮೇಲಿನವನ ಮರ್ಜಿಗೆ ಕಾಯಬೇಕಾಗಿಲ್ಲ. ಮೈಸೂರು ಸಂಪದಭ್ಯುದಯ ಸಮಾಜದ ಮೂಲಕ ಸರ್ಕಾರದ ಹೊರಗಿನವರೂ ನಾಡಿನ ಕೆಲಸದಲ್ಲಿ ಪಾಲುಗೊಂಡರು. 1915ರಲ್ಲಿ ಹುಟ್ಟಿದ ನಮ್ಮ ಕನ್ನಡ ಸಾಹಿತ್ಯ ಪರಿಷತ್ತೂ ಆ ಸಮಾಜದ ಚಿಂತನೆಯ ಫಲವೆಂಬುದನ್ನು ಸಾಹಿತ್ಯಾಭ್ಯಾಸಿಗಳು ಮರೆಯಬಾರದು.

ಆದರೆ ಶ್ಲಾಘನೆಯ ಭರದಲ್ಲಿ ಒಂದು ಸಂಗತಿಯನ್ನು ಮುಚ್ಚಿಡುವುದು ಸರಿಯಲ್ಲ. ಸರ್ಕಾರಿ ನೌಕರಿಯಲ್ಲಿ ಹಿಂದುಳಿದ ವರ್ಗಗಳಿಗೆ ತಕ್ಕ ಪಾಲು ದೊರೆಯಬೇಕೆಂಬ ಪ್ರಶ್ನೆ ಎದ್ದಾಗ, ಮಹಾರಾಜರು 1918ರಲ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿದರು. ಅರ್ಹತೆಯೊಂದೇ ಅಳತೆಯಾಗಬೇಕೆಂಬ ನಿಲವಿನ ದಿವಾನರು ಇದಕ್ಕೆ ಒಪ್ಪಲಿಲ್ಲ; ಅದೇ ವರ್ಷ ಅಧಿಕಾರವನ್ನು ಬಿಟ್ಟರು. ಅವರ ನಿಷ್ಠೆಯಲ್ಲಿ ನನಗೆ ಸಂದೇಹವಿಲ್ಲ. ಆದರೂ ಒಳಗಿರುವವರ ಶಿಸ್ತನ್ನು ತಿದ್ದುವವನು, ಒಳಗೆ ಬರಲಾರದೆ ಬಾಗಿಲಲ್ಲಿಯೇ ನಿಂತವರು ಯಾರೆಂಬುದನ್ನೂ ನೋಡಬೇಕಷ್ಟೆ. ಈ ವಿಷಯದಲ್ಲಿ ಕಾಲವು ಮಹಾರಾಜರ ಪಕ್ಷವನ್ನು ವಹಿಸಿತೆಂದೇ ನಾನು ತಿಳಿಯುತ್ತೇನೆ.

ಅವರ ನಿಜವಾದ ಪರೀಕ್ಷೆ ನಡೆದದ್ದು ಭದ್ರಾವತಿಯಲ್ಲಿ. ಅಲ್ಲಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆಗೆ ತೊಡಗಿದಾಗ ಯುದ್ಧಾನಂತರ ಕಬ್ಬಿಣದ ಬೆಲೆ ಕುಸಿದಿತ್ತು. ಅದೊಂದು ಬಿಳಿಯಾನೆಯಾದೀತೆಂದು ಹೆದರಿದವರಿದ್ದರು. ಅದೇ ವರ್ಷ ಆಡಳಿತ ಮಂಡಲಿಯ ಅಧ್ಯಕ್ಷತೆಯನ್ನು ವಹಿಸಿದ ವಿಶ್ವೇಶ್ವರಯ್ಯನವರು 1929ರವರೆಗೆ ಅಲ್ಲಿ ದುಡಿದರು. ವೆಚ್ಚವನ್ನು ಬಿಗಿಹಿಡಿದರು, ಹೊರದೇಶದ ತಜ್ಞರ ಸ್ಥಾನಕ್ಕೆ ನಮ್ಮವರನ್ನು ತರಬೇತು ಮಾಡಿ ತಂದರು. ಹೊಣೆ ಹೊತ್ತಲ್ಲದೆ ಯಾರಿಗೂ ಹೊಣೆ ಬಾರದೆಂಬುದನ್ನು ಅವರು ಬಲ್ಲವರು. ಸಂಸ್ಥೆ ನಷ್ಟದಲ್ಲಿದ್ದಾಗ ತಮ್ಮ ಸಂಭಾವನೆಯನ್ನು ಅವರು ಪಡೆಯಲಿಲ್ಲ. ಹೀಗೆ ಉಳಿದು ಲಕ್ಷ ರೂಪಾಯಿಯನ್ನು ಮೀರಿದ ಆ ಹಣ, ಅವರ ಇಚ್ಛೆಯಂತೆ, ತರುಣರಿಗೆ ಕಸುಬು ಕಲಿಸುವ ಶಾಲೆಗೆ ಮೂಲವಾಯಿತು. 1943ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಶ್ರೀ ಜಯಚಾಮರಾಜೇಂದ್ರ ಸಂಸ್ಥೆ ಅದೇ. ಭದ್ರಾವತಿಯ ಕಾರ್ಖಾನೆಯೂ ಮುಂದೆ ಅವರ ಹೆಸರನ್ನೇ ಪಡೆಯಿತು.

ಕಾರ್ಖಾನೆಯ ಅಧಿಪತಿ ಮಿತವ್ಯಯವನ್ನು ಕುರಿತು ನೂರು ಸುತ್ತೋಲೆ ಹೊರಡಿಸಬಹುದು. ಅವನೇ ತನ್ನ ಸಂಬಳಕ್ಕೆ ಕೈಯೊಡ್ಡದಿದ್ದರೆ, ಆ ಒಂದು ನಡೆ ಕುಲುಮೆಯ ಮುಂದೆ ಬೆವರುವ ಕೂಲಿಯವನಿಗೂ ಅರ್ಥವಾಗುತ್ತದೆ. ಇದೇ ನಾನು ಕಂಡ ಉತ್ತರ. ನೌಕರರು ಓದುವುದು ಒಡೆಯನ ಬರಹವನ್ನಲ್ಲ, ನಡೆಯನ್ನು.

1955ರಲ್ಲಿ ಭಾರತರತ್ನರಾದ ಈ ಕರ್ಮಯೋಗಿ ನೂರನ್ನು ದಾಟಿ, 1962ರ ಏಪ್ರಿಲ್ 14ರಂದು ಬೆಂಗಳೂರಿನಲ್ಲಿ ಕಣ್ಣು ಮುಚ್ಚಿದರು. ಕನ್ನಂಬಾಡಿಯ ಗೋಡೆಯನ್ನು ನೋಡಲು ನಾವು ಮಕ್ಕಳನ್ನು ಕರೆದೊಯ್ಯುತ್ತೇವೆ, ಒಳ್ಳೆಯದೇ. ಕಲ್ಲಿಗೂ ಕಲ್ಲಿಗೂ ನಡುವೆ ಸುರ್ಕಿ ಗಾರೆ ಇರುವಂತೆ, ಆಳಿಗೂ ಆಳಿಗೂ ನಡುವೆ ಒಂದು ನಂಬಿಕೆ ಇದ್ದುದರಿಂದಲೇ ಅದು ಮೇಲೆದ್ದಿತೆಂಬುದನ್ನೂ ಅವರಿಗೆ ಹೇಳಬೇಕು.