ಅಕ್ಷರಗಳನ್ನು ಎರಕಹೊಯ್ದ ಪಂಚಾನನ ಕರ್ಮಕಾರನು

ಬಂಗಾಳದ ಜನರಿಗೆ ಅವರ ಭಾಷೆಯಲ್ಲಿಯೇ ಸತ್ಯವೇದವನ್ನು ಕೊಟ್ಟ ವಿಲಿಯಂ ಕೇರಿ ಪಾದ್ರಿಗಳ ಹೆಸರನ್ನು ನೀವು ಕೇಳಿರುವಿರಿ. ಆ ಕಾರ್ಯದಲ್ಲಿ ಅವರಿಗೆ ಕೈಗೂಡಿಸಿದ ಒಬ್ಬ ಕಮ್ಮಾರನ ವಿಷಯವನ್ನು ಈಗ ಹೇಳುವೆವು.

ಪಂಚಾನನ ಕರ್ಮಕಾರನು ಹೂಗ್ಲಿ ಸೀಮೆಯ ತ್ರಿವೇಣಿಯವನು. ಲೋಹದ ಕೆಲಸ ಅವನ ವಂಶದ ಕಸುಬಾಗಿತ್ತು. 1778ನೆಯ ಇಸವಿಯಲ್ಲಿ ಹಾಲ್ಹೆಡ್ ಸಾಹೇಬರ ಬಂಗಾಳಿ ವ್ಯಾಕರಣವು ಹೂಗ್ಲಿಯಲ್ಲಿ ಅಚ್ಚಾದಾಗ, ಅದಕ್ಕೆ ಬೇಕಾದ ಅಕ್ಷರಗಳನ್ನು ಸಿದ್ಧಪಡಿಸಿದ ಚಾರ್ಲ್ಸ್ ವಿಲ್ಕಿನ್ಸ್ ಸಾಹೇಬರ ಬಳಿಯಲ್ಲಿ ಅವನು ಈ ವಿದ್ಯೆಯನ್ನು ಕಲಿತನು.

ಅದು ಬಹು ತಾಳ್ಮೆಯ ಕೆಲಸ. ಉಕ್ಕಿನ ಕಡ್ಡಿಯ ತುದಿಯಲ್ಲಿ ಅಕ್ಷರವನ್ನು ತಿರುವುಮುರುವಾಗಿ ಕೆತ್ತಿ, ಕಾಸಿ ಗಟ್ಟಿಮಾಡಬೇಕು. ಅದನ್ನು ತಾಮ್ರದ ತುಂಡಿನ ಮೇಲಿಟ್ಟು ಹೊಡೆದರೆ ಅಕ್ಷರದ ಗುಳಿ ಬೀಳುವದು. ಆ ತಾಮ್ರವನ್ನು ಅಚ್ಚಿಗೆ ಸೇರಿಸಿ, ಕರಗಿದ ಸೀಸದ ಮಿಶ್ರಲೋಹವನ್ನು ಹೊಯ್ದರೆ ಒಂದು ಮೊಳೆ ಸಿದ್ಧವಾಗುವದು. ನಮ್ಮ ದೇಶದ ಲಿಪಿಗಳಲ್ಲಿ ಕಾಗುಣಿತ, ಒತ್ತಕ್ಷರಗಳು ಬಹಳವಾದದರಿಂದ ಇಂಥ ಅಚ್ಚುಗಳು ನೂರಾರು ಬೇಕು.

1800ರಲ್ಲಿ ಕೇರಿ ಪಾದ್ರಿಗಳೂ ಅವರ ಜೊತೆಗಾರರೂ ಶ್ರೀರಾಮಪುರದಲ್ಲಿ ಮುದ್ರಣಾಲಯವನ್ನು ಸ್ಥಾಪಿಸಿದರು. ಸ್ವಲ್ಪ ಕಾಲದಲ್ಲಿಯೇ ಪಂಚಾನನನು ಅಲ್ಲಿಗೆ ಬಂದನು. ಅವನ ಸಹಾಯದಿಂದ ಎರಕದ ಶಾಲೆ ಏರ್ಪಟ್ಟಿತು. ಇಷ್ಟು ಅಪೂರ್ವವಾದ ವಿದ್ಯೆಯನ್ನು ಬಲ್ಲವನು ಅದನ್ನು ಗುಟ್ಟಾಗಿಟ್ಟುಕೊಂಡಿದ್ದರೆ ಅವನ ಬೆಲೆ ಹೆಚ್ಚುತ್ತಿತ್ತು. ಅವನಾದರೋ ತನ್ನ ಅಳಿಯನಾದ ಮನೋಹರನಿಗೂ ಇನ್ನೂ ಹಲವರಿಗೂ ಕೆತ್ತುವದನ್ನೂ ಹೊಯ್ಯುವದನ್ನೂ ಪೂರ್ಣವಾಗಿ ಕಲಿಸಿಕೊಟ್ಟನು.

ಕೆಲವೇ ವರ್ಷಗಳಲ್ಲಿ ಅವನು ತೀರಿಕೊಂಡನು. ಆದರೂ ಕುಲುಮೆಯು ಆರಲಿಲ್ಲ. ಸುಮಾರು 1,000 ಅಕ್ಷರರೂಪಗಳುಳ್ಳ ನಾಗರೀ ಮೊಳೆಗಳು ಶ್ರೀರಾಮಪುರದಲ್ಲಿಯೇ ಸಿದ್ಧವಾದವು; ಕೆತ್ತನೆಗೆ ಮಾತ್ರವೇ 1,500 ರೂಪಾಯಿ ತಗಲಿತು.

1812ನೆಯ ಇಸವಿ ಮಾರ್ಚಿ 11ರ ಸಾಯಂಕಾಲ ಮುದ್ರಣಾಲಯಕ್ಕೆ ಬೆಂಕಿ ಬಿದ್ದಿತು. ಕಾಗದವೂ ಕೈಬರಹಗಳೂ ಸುಟ್ಟುಹೋದವು. ಮೊಳೆಗಳು ಕರಗಿ ಮುದ್ದೆಯಾದವು. ಬೂದಿಯನ್ನು ಕೆದಕಿದಾಗ ಉಕ್ಕಿನ ಅಚ್ಚುಗಳೂ ತಾಮ್ರದ ಅಚ್ಚುಗಳೂ ಕೆಡದೆ ಸಿಕ್ಕಿದವು. ಅವು ಸಿಕ್ಕಿದರೂ, ಹೊಯ್ಯಬಲ್ಲವರು ಇಲ್ಲದಿದ್ದರೆ ಪ್ರಯೋಜನವೇನು? ಪಂಚಾನನನ ವಿದ್ಯೆಯನ್ನು ಪಡೆದವರು ಅಲ್ಲಿದ್ದರು. ಅವರು ಕರಗಿದ ಆ ಲೋಹವನ್ನೇ ತಿರಿಗಿ ಕಾಸಿ ಹೊಸ ಮೊಳೆಗಳನ್ನು ಹೊಯ್ದರು; ಕೆಲವು ತಿಂಗಳೊಳಗೆ ಅಚ್ಚಿನ ಕೆಲಸವು ಮುಂಚಿನಂತೆ ನಡೆಯಿತು.

ಅದೇ ಮುದ್ರಣಾಲಯದಿಂದ 1817ರಲ್ಲಿ ಕೇರಿಯವರ ಕನ್ನಡ ವ್ಯಾಕರಣವು ಹೊರಟಿತು. ಪಂಚಾನನನು ಅದನ್ನು ಕಾಣಲಿಲ್ಲ. ಆದರೆ ಅವನು ಹಚ್ಚಿಕೊಟ್ಟ ಕುಲುಮೆಯ ಬೆಳಕು ನಮ್ಮ ಭಾಷೆಗೂ ಮುಟ್ಟಿತು.

ನಮ್ಮ ಊರುಗಳಲ್ಲಿಯೂ ಕಮ್ಮಾರರು, ಬಡಗಿಗಳು, ನೇಕಾರರು ಇದ್ದಾರೆ. ಪೆಟ್ಟಿಗೆಯಲ್ಲಿಟ್ಟದ್ದನ್ನು ಬೆಂಕಿ ಸುಟ್ಟೀತು. ಶಿಷ್ಯನ ಕೈಗೆ ಕೊಟ್ಟ ವಿದ್ಯೆಯನ್ನು ಅದು ಮುಟ್ಟಲಾರದು. ನಿಮ್ಮ ಕಸುಬನ್ನು ಕಲಿಯುವದಕ್ಕೆ ಬಾಗಲಲ್ಲಿ ಬಂದು ನಿಂತ ಹುಡುಗನನ್ನು ಒಳಗೆ ಕರೆಯಿರಿ.