ಸಾವಿರ ದಿನಾರಿನ ಗುಲಾಮ

ಹೋದ ಸೆಮಿಸ್ಟರ್ ಇಂಟರ್ನಲ್ಸ್ ಮುಗಿದ ದಿನ ಮದ್ದೂರು, ಮಳವಳ್ಳಿಯಿಂದ ಬಸ್ಸಲ್ಲಿ ಓಡಾಡೋ ನಾವೆಲ್ಲ ಮನೆಗೆ ಹೋಗದೆ ಮಂಡ್ಯದಲ್ಲೇ ಫ್ರೆಂಡ್ ರೂಮಲ್ಲಿ ಉಳಿದು ಪದ್ಮಾವತ್ ಸಿನಿಮಾ ನೋಡಿದ್ವಿ. ಅಲ್ಲಾವುದ್ದೀನ್ ಖಿಲ್ಜಿ ಹಿಂದೆ ಮುಂದೆ ಸುತ್ತೋ ಮಲಿಕ್ ಕಾಫೂರ್ ಪರದೆ ಮೇಲೆ ಬಂದಾಗಲೆಲ್ಲ ಬಿದ್ದು ಬಿದ್ದು ನಕ್ಕಿದ್ದೇ ನಕ್ಕಿದ್ದು. ಮಾರನೇ ದಿನದಿಂದ ನಮ್ಮ ಕ್ಲಾಸಿನ ಒಬ್ಬ ಮೆತ್ತಗಿನ ಹುಡುಗನಿಗೆ ಕಾಫೂರ್ ಅಂತಲೇ ಹೆಸರಾಯ್ತು. ಮಳವಳ್ಳಿ ಬಸ್ಸಲ್ಲಿ ನಮ್ಮ ಪಕ್ಕ ಕೂರುತ್ತಿದ್ದವನು ಒಂದು ಬಸ್ ಬಿಟ್ಟು ಮುಂದಿನದಕ್ಕೆ ಬರೋಕೆ ಶುರು ಮಾಡಿದ. ಯಾಕೆ ಅಂತ ನಮಗೆ ಹೊಳೆಯೋಕೆ ಎರಡು ವಾರ ಬೇಕಾಯ್ತು.

ಆಮೇಲೆ ನಿಜವಾದ ಕಾಫೂರ್ ಯಾರು ಅಂತ ಹುಡುಕಿ ಓದಿದ್ವಿ.

ಕಾಫೂರ್ ಅಂದ್ರೆ ಕರ್ಪೂರ. ಗುಲಾಮರಿಗೆ ಇಂಥ ಹೆಸರಿಡೋದು ಆಗಿನ ರೂಢಿ. ಅವನು ಹುಟ್ಟಿದ್ದು ಹಿಂದೂ ಮನೆಯಲ್ಲಿ. ಗುಜರಾತಿನ ಖಂಭಾತ್ ಬಂದರಿನಲ್ಲಿ ಒಬ್ಬ ಶ್ರೀಮಂತನ ಗುಲಾಮನಾಗಿದ್ದ. ಅವನನ್ನು ಖೋಜಾ ಮಾಡಿದ್ದರು. ತುಂಬಾ ಚೆಲುವ, ಸಾವಿರ ದಿನಾರು ಕೊಟ್ಟು ಕೊಂಡಿದ್ದು ಅನ್ನೋ ಅರ್ಥದಲ್ಲಿ ಹಜಾರ್ ದಿನಾರಿ ಅನ್ನೋ ಅಡ್ಡಹೆಸರೂ ಇತ್ತು. 1299ರಲ್ಲಿ ದೆಹಲಿ ಸೈನ್ಯ ಗುಜರಾತನ್ನು ಕೊಳ್ಳೆ ಹೊಡೆದಾಗ ಸೇನಾಪತಿ ನುಸ್ರತ್ ಖಾನ್ ಇವನನ್ನೂ ಹಿಡಿದು ತಂದು ಸುಲ್ತಾನನಿಗೆ ಒಪ್ಪಿಸಿದ. ಕೊಳ್ಳೆ ಮಾಲಿನ ಲೆಕ್ಕದಲ್ಲಿ ದೆಹಲಿಗೆ ಬಂದ ಮನುಷ್ಯ ಅವನು.

ಏಳೆಂಟು ವರ್ಷಗಳಲ್ಲೇ ಅವನು ಸೇನಾಪತಿ. ಮಂಗೋಲರ ವಿರುದ್ಧ ಗೆದ್ದ. 1308ರ ಹೊತ್ತಿಗೆ ದೇವಗಿರಿ, 1310ರಲ್ಲಿ ವಾರಂಗಲ್. 1311ರ ಫೆಬ್ರವರಿಯಲ್ಲಿ ನಮ್ಮ ದ್ವಾರಸಮುದ್ರಕ್ಕೆ, ಅಂದ್ರೆ ಹಳೇಬೀಡಿಗೆ ಬಂದ. ಹೊಯ್ಸಳ ದೊರೆ ಮೂರನೇ ಬಲ್ಲಾಳ ಆಗ ಪಾಂಡ್ಯರ ಜಗಳದಲ್ಲಿ ಕೈ ಹಾಕೋಕೆ ತಮಿಳುನಾಡಿನ ಕಡೆ ಹೋಗಿದ್ದ. ಸುದ್ದಿ ತಿಳಿದು ವಾಪಸ್ ಬಂದು, ಸಂಧಿ ಮಾಡಿಕೊಂಡು, ಆನೆ, ಕುದುರೆ, ಖಜಾನೆ ಎಲ್ಲ ಒಪ್ಪಿಸಿದ. ಕಾಫೂರ್ ಅಲ್ಲಿಂದ ಮಧುರೆವರೆಗೂ ಹೋಗಿ ದೇವಸ್ಥಾನಗಳನ್ನು ಸೂರೆ ಮಾಡಿದ.

ಇದನ್ನು ನಾವು ಮುಚ್ಚಿಡಲ್ಲ. ನಮ್ಮ ಮಂಡ್ಯ ತಾಲ್ಲೂಕಿನ ಬಸರಾಳಿನಲ್ಲಿ 1234ರಲ್ಲಿ ಮಲ್ಲಿಕಾರ್ಜುನ ದೇವಸ್ಥಾನ ಕಟ್ಟಿಸಿದ್ದು ಇದೇ ಹೊಯ್ಸಳರ ಕಾಲದವರು. ಅವರ ಬೆನ್ನು ಮುರಿಯೋದು ಶುರುವಾಗಿದ್ದು ಕಾಫೂರನಿಂದ. 1327ರ ಸುಮಾರಿಗೆ ತುಘಲಕ್ ಸೈನ್ಯ ಮತ್ತೆ ಬಂದು ಹಳೇಬೀಡನ್ನು ಹಾಳು ಮಾಡಿದಾಗ ಅವನು ಬದುಕಿರಲಿಲ್ಲ. ಆದ್ರೂ ಆ ಪಾಪವನ್ನೂ ಎಷ್ಟೋ ಜನ ಅವನ ಲೆಕ್ಕಕ್ಕೇ ಬರೀತಾರೆ.

ಕೊನೆಯ ವರ್ಷಗಳಲ್ಲಿ ಸುಲ್ತಾನ ಕಾಯಿಲೆ ಬಿದ್ದ. ಕಾಫೂರನನ್ನು ಬಿಟ್ಟು ಬೇರೆ ಯಾರನ್ನೂ ನಂಬುತ್ತಿರಲಿಲ್ಲ. 1316ರ ಜನವರಿಯಲ್ಲಿ ಸುಲ್ತಾನ ತೀರಿಕೊಂಡ. ಕಾಫೂರ್ ಒಬ್ಬ ಪುಟ್ಟ ರಾಜಕುಮಾರನನ್ನು ಗದ್ದಿಗೆ ಮೇಲೆ ಕೂರಿಸಿ, ದೊಡ್ಡ ರಾಜಕುಮಾರರ ಕಣ್ಣು ಕೀಳಿಸಿದ. ಅವನ ದರ್ಬಾರು ನಡೆದಿದ್ದು ಸುಮಾರು ಒಂದು ತಿಂಗಳು. ಸುಲ್ತಾನನ ಹಳೇ ಅಂಗರಕ್ಷಕರೇ ಅವನನ್ನು ಕೊಂದರು.

ಇಬ್ಬರ ಸಂಬಂಧದ ಬಗ್ಗೆ ಬರೆದವನು ಜಿಯಾವುದ್ದೀನ್ ಬರನಿ. ಸುಲ್ತಾನ ಕಾಫೂರನಿಗೆ ಮರುಳಾಗಿದ್ದ ಅಂತಾನೆ. ಅವನು ಬರೆದದ್ದು ನಲವತ್ತು ವರ್ಷ ಆದ ಮೇಲೆ. ಕೀಳು ಕುಲದವರು ಮೇಲೆ ಬರೋದು ಕಂಡ್ರೆ ಅವನಿಗೆ ಆಗುತ್ತಿರಲಿಲ್ಲ, ಕಾಫೂರನ ಮೇಲಂತೂ ಕೆಂಡ. ಈಗಿನ ಇತಿಹಾಸಕಾರರಲ್ಲೂ ಒಮ್ಮತ ಇಲ್ಲ. ಅದು ಸಲಿಂಗಪ್ರೇಮವೇ ಅಂತ ಕೆಲವರು, ಬರೀ ನಂಬಿಕೆ ಅಂತ ಕೆಲವರು. ನಮ್ಮನ್ನು ಕಾಡಿದ್ದು ಬೇರೆ ಪ್ರಶ್ನೆ. ಸುಲ್ತಾನ ಪ್ರೀತಿಸಿದ್ದೇ ನಿಜ ಅಂತಿಟ್ಟುಕೊಂಡರೂ, ಕೊಳ್ಳೆಯಲ್ಲಿ ಸಿಕ್ಕ ಗುಲಾಮ ಬೇಡ ಅನ್ನೋಕೆ ಆಗುತ್ತಿತ್ತಾ? ಅವನ ಮನಸ್ಸಲ್ಲಿ ಏನಿತ್ತು ಅಂತ ಅವನೇ ಹೇಳಿದ ಒಂದು ಸಾಲೂ ಉಳಿದಿಲ್ಲ.

ಊರು ಸುಟ್ಟಿದ್ದು, ಮಕ್ಕಳ ಕಣ್ಣು ಕೀಳಿಸಿದ್ದು ಅಪರಾಧ. ಗಂಡಸೊಬ್ಬ ಗಂಡಸನ್ನು ಇಷ್ಟಪಡೋದು ಅಪರಾಧ ಅಲ್ಲ. ಸಿನಿಮಾ ಇವೆರಡನ್ನೂ ಒಟ್ಟಿಗೆ ಕಲಸಿ, ಒಂದನ್ನು ಇನ್ನೊಂದರ ಗುರುತು ಮಾಡಿ ತೋರಿಸಿತು. ನಾವು ನಕ್ಕಿದ್ದು ಅವನ ಕ್ರೌರ್ಯಕ್ಕಲ್ಲ, ಅವನು ನೋಡೋ ರೀತಿಗೆ. ಆ ಸಿನಿಮಾ ಬಂದಿದ್ದು 2018ರ ಜನವರಿಯಲ್ಲಿ. ಅದೇ ವರ್ಷ ಸೆಪ್ಟೆಂಬರ್ 6ಕ್ಕೆ ಸುಪ್ರೀಂ ಕೋರ್ಟು 377ನೇ ಸೆಕ್ಷನ್ ಬಗ್ಗೆ ತೀರ್ಪು ಕೊಟ್ಟು, ವಯಸ್ಕರಿಬ್ಬರ ಒಪ್ಪಿಗೆಯ ಸಂಬಂಧ ಅಪರಾಧ ಅಲ್ಲ ಅಂತು. ಕೋರ್ಟಿಗೆ ಗೊತ್ತಾದದ್ದು ನಮ್ಮ ರೂಮಿಗೆ ಇನ್ನೂ ತಲುಪಿರಲಿಲ್ಲ.

ಆ ಹುಡುಗ ಯಾರನ್ನು ಇಷ್ಟಪಡ್ತಾನೋ ನಮಗೆ ಗೊತ್ತಿಲ್ಲ, ಕೇಳೋದೂ ಇಲ್ಲ. ಸಾರಿ ಅಂತ ಹೇಳಿದ್ವಿ. ಸುಮ್ಮನೆ ತಲೆ ಆಡಿಸಿದ. ಕಾಫೂರನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಯಾರೂ ಬರೆದಿಡಲಿಲ್ಲ. ಇವನಿಗೆ ಹೆಸರಿದೆ. ಈಗ ಅದರಲ್ಲೇ ಕರೀತೀವಿ. ಹೋದ ಸೋಮವಾರ ಅವನು ನಮ್ಮ ಬಸ್ಸಿಗೇ ಬಂದ.